ಪುಟ್ಟಲಿಂಗಯ್ಯನ ಕೈಗುಣ

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೆಸರಾದದ್ದು ಪುಟ್ಟಲಿಂಗಯ್ಯನ ಕೈ, ಮೊಸರಾದದ್ದು ಚಿಕ್ಕರಾಜುವಿನ ಬಾಯಿ. ಅದೂ ಎಂಥ ಗಟ್ಟಿ ಮೊಸರು! ಬೆಂಗಳೂರಿನ ಹಳೇ ಗಾಡಿಗಳ ಪ್ರದರ್ಶನದಲ್ಲಿ ಮೊದಲ ಬಹುಮಾನ, ಪೇಪರಿನಲ್ಲಿ ಕಾಲು ಪುಟದ ಫೋಟೊ, ಅದೂ ಸಾಲದೆಂಬಂತೆ ಟಿ.ವಿ.ಯಲ್ಲಿ ಸಂದರ್ಶನ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಎದುರಿನ ಟೀ ಅಂಗಡಿಯಲ್ಲಿ ಪುಟ್ಟಲಿಂಗಯ್ಯ ಅದನ್ನು ನಿಂತುಕೊಂಡೇ ನೋಡಿದ. ತಲೆಗೊಂದು ಟೋಪಿ, ಕಣ್ಣಿಗೊಂದು ಕಪ್ಪು ಕನ್ನಡಕ ಹಾಕಿಕೊಂಡು ಚಿಕ್ಕರಾಜು ಗಾಡಿಯ ಟ್ಯಾಂಕಿನ ಮೇಲೆ ಕೈಯಿಟ್ಟು ನಿಂತಿದ್ದ.

"ಇದನ್ನ ರೆಡಿ ಮಾಡಿದ್ದು ಯಾರು ಸರ್?" ಎಂದು ಮೈಕು ಹಿಡಿದ ಹುಡುಗಿ ಕೇಳಿದಳು.

"ನಾನೇ ಮೇಡಂ, ನನ್ನ ಕೈಯಾರೆ. ವರ್ಷಗಟ್ಟಲೆ ನಿದ್ದೆ ಮಾಡಿಲ್ಲ."

"ಮೆಕ್ಯಾನಿಕ್ ಯಾರೂ ಇರಲಿಲ್ವಾ?"

"ಊರಲ್ಲಿ ಒಬ್ಬ ಇದ್ದ. ನಟ್ಟು ಬೋಲ್ಟು ಟೈಟ್ ಮಾಡಿಕೊಡ್ತಿದ್ದ."

ಟೀ ಅಂಗಡಿಯಲ್ಲಿದ್ದವರು ನಕ್ಕರು. ನಗದೆ ಇನ್ನೇನು ಮಾಡುತ್ತಾರೆ? ಆ ಒಬ್ಬ ಯಾರೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು, ಆ ಒಬ್ಬ ಅವರ ಪಕ್ಕದಲ್ಲೇ ಲೋಟ ಹಿಡಿದು ನಿಂತಿದ್ದಾನೆ. ಪುಟ್ಟಲಿಂಗಯ್ಯನ ಕಿವಿ ಕಾದ ಹೆಂಚಾಯಿತು. ಆರಿದ ಟೀಯನ್ನು ಅವನು ಚರಂಡಿಗೆ ಚೆಲ್ಲಿ ಹೊರಬಂದ. ಚಿಕ್ಕರಾಜು ಸಾಯಬೇಕು ಎಂಬ ಮಾತು ಅವನ ಮನಸ್ಸಿಗೆ ಮೊದಲು ಬಂದದ್ದು ಆಗಲೇ.

ಅವನ ಸಿಟ್ಟಿಗೆ ಕಾರಣವಿತ್ತು. ಹುಟ್ಟೂರು ಮರಳವಾಡಿಯಲ್ಲಿ ಇಬ್ಬರದೂ ಅಕ್ಕಪಕ್ಕದ ಮನೆ. ಪುಟ್ಟಲಿಂಗಯ್ಯನದು ಕುರಿ ಸಾಕುವ ಮನೆತನ, ಚಿಕ್ಕರಾಜುವಿನದು ಹಿಪ್ಪುನೇರಳೆ ತೋಟ, ಹುಳು ಮನೆ ಇದ್ದ ಅನುಕೂಲಸ್ಥರ ಮನೆತನ. ಆ ತೋಟದ ಹಳೇ ಕೊಟ್ಟಿಗೆಯಲ್ಲಿ ಒಂದು ರಾಜ್‌ದೂತ್ ತ್ರೀ ಫಿಫ್ಟಿ ಬಿದ್ದಿತ್ತು. ಎರಡು ಸಿಲಿಂಡರಿನ ಗಾಡಿ; ಓಡುವಾಗ ಬಡಿಯುವ ಗಾಳಿಯೇ ಅದಕ್ಕೆ ತಂಪು. ಪೆಟ್ರೋಲು ಕುಡಿಯುತ್ತದೆ ಎಂದು ಚಿಕ್ಕರಾಜುವಿನ ಚಿಕ್ಕಪ್ಪ ಅದನ್ನು ಮೂಲೆಗೆ ತಳ್ಳಿದ ಮೇಲೆ ಅದರ ಸೀಟಿನೊಳಗೆ ಕೋಳಿ ಮೊಟ್ಟೆಯಿಟ್ಟು ಮರಿ ಮಾಡಿತ್ತು. "ಇದ್ನ ಎಬ್ಬುಸ್ತೀಯೇನ್ಲಾ ಪುಟ್ಲಿಂಗ? ಎಬ್ಬುಸುದ್ರೆ ಇಬ್ರುದೂ ಕಣ್ಲಾ" ಎಂದು ಚಿಕ್ಕರಾಜು ಅಂದಿದ್ದ. ಆ ಮಾತನ್ನು ನಂಬಿ ಪುಟ್ಟಲಿಂಗಯ್ಯ ಅದನ್ನು ಎಬ್ಬಿಸಿದ. ಹೆಡ್‌ಲೈಟಿನ ಚೊಟ್ಟೆ ಬಿದ್ದ ಡೂಮನ್ನು ಬಡಿದು ಸರಿ ಮಾಡಲು ಚನ್ನಪಟ್ಟಣದ ಬೊಂಬೆ ಕಡೆಯುವವರ ಹತ್ತಿರ ಮರದ ಅಚ್ಚು ಮಾಡಿಸಿದ. ಎಲ್ಲೂ ಸಿಗದ ಬುಷ್‌ಗಳನ್ನು ಕನಕಪುರದಲ್ಲಿ ಲೇತ್ ಇಟ್ಟುಕೊಂಡಿದ್ದ ಸಮದ್‌ನ ಎದುರು ಕೂತು ತಿರುವಿಸಿದ. ಹಬ್ಬ ಹುಣ್ಣಿಮೆ ಅನ್ನದೆ ಆ ಗಾಡಿಯ ಹೊಟ್ಟೆಯೊಳಗೇ ಇದ್ದ. ಮೊದಲ ಸಲ ಎರಡೂ ಸಿಲಿಂಡರು ಒಟ್ಟಿಗೆ ಮಾತಾಡಿದಾಗ ಅವನು ಅತ್ತುಬಿಟ್ಟಿದ್ದ. ಚಿಕ್ಕರಾಜು ಅದನ್ನೂ ನೋಡಿದ್ದ.

ಈಗ ಚಿಕ್ಕರಾಜು ದೊಡ್ಡವನು. ಬಿಡದಿಯ ಹೊಲಗಳಿಗೆಲ್ಲ ತಂತಿಬೇಲಿ ಬಿದ್ದು ಕಾರ್ಖಾನೆಗಳು ಎದ್ದಾಗ ಅವನು ಕೆಲಸದವರನ್ನು ಕರೆದೊಯ್ಯುವ ಬಸ್ಸುಗಳ ಗುತ್ತಿಗೆ ಹಿಡಿದ. ಟಿ.ವಿ.ಯಲ್ಲಿ ಬಂದ ಮೇಲಂತೂ ಮೈಸೂರು ರಸ್ತೆಯಲ್ಲಿ ಗಾಜಿನ ಬಾಗಿಲಿನ ಒಂದು ಶೆಡ್ ತೆರೆದು, ಹಳೇ ಗಾಡಿಗಳನ್ನು ಹೊಸದು ಮಾಡಿಕೊಡುತ್ತೇವೆ ಎಂದು ಬೋರ್ಡು ಬರೆಸಿದ. ಬೆಂಗಳೂರಿನ ಶೋಕಿಲಾಲರೆಲ್ಲ ರಾಮನಗರ ಮುಟ್ಟುವ ಮೊದಲೇ ಅಲ್ಲಿ ನಿಲ್ಲತೊಡಗಿದರು. ರಾಮನಗರದಲ್ಲಿ ಪುಟ್ಟಲಿಂಗಯ್ಯನ ರಿಪೇರಿ ಅಂಗಡಿಗೆ ಬರುತ್ತಿದ್ದುದು ಹಾಲಿನವರ ಲೂನಾ, ಸೊಪ್ಪಿನವರ ಟಿ.ವಿ.ಎಸ್. ಅವನು ಕೆಲಸಕ್ಕೆ ನಾಚಿದವನಲ್ಲ. ಆದರೆ ತನ್ನ ಕೈಯ ಹೆಸರನ್ನು ಇನ್ನೊಬ್ಬ ಉಟ್ಟುಕೊಂಡು ತಿರುಗುವುದನ್ನು ಯಾವ ಗಂಡಸು ಸಹಿಸುತ್ತಾನೆ?

ಒಮ್ಮೆ ಅವನು ಸಹಿಸಲಾರದೆ ಬಿಡದಿಗೇ ಹೋದ. ತಟ್ಟೆ ಇಡ್ಲಿ ಹೋಟೆಲಿನಲ್ಲಿ ಚಿಕ್ಕರಾಜು ನಾಲ್ಕು ಜನ ಗೆಳೆಯರ ನಡುವೆ ಕೂತಿದ್ದ. ಪುಟ್ಟಲಿಂಗಯ್ಯ ಎದುರು ನಿಂತು, "ಟಿ.ವಿ.ನಾಗೆ ಇನ್ನೊಂದ್ ಸಲ ಕುಂತ್ಕೊಂಡು ನಿಜ ಯೋಳು. ನನ್ಗೆ ಇನ್ನೇನೂ ಬ್ಯಾಡ" ಎಂದ.

ಚಿಕ್ಕರಾಜು ಕೈ ತೊಳೆಯುತ್ತಾ, "ಒಸಿ ತಡ್ಕೊಳ್ಲಾ. ಒಂದ್ ಮಾತ್ಗೆ ಯಾಕಿಂಗ್ ಎಗರಾಡ್ತೀಯ? ಬೇಕಾದ್ರೆ ನಮ್ ಶೆಡ್ಗೇ ಬಂದು ಸೇರ್ಕೊ. ಡ್ರೆಸ್ ಕೊಡುಸ್ತೀನಿ" ಎಂದ.

ಡ್ರೆಸ್ಸು! ಜೇಬಿನ ಮೇಲೆ ಚಿಕ್ಕರಾಜುವಿನ ಶೆಡ್ಡಿನ ಹೆಸರು ಹೊಲಿದ ನೀಲಿ ಅಂಗಿ. ಪುಟ್ಟಲಿಂಗಯ್ಯ ಟೇಬಲ್ಲಿನ ಮೇಲಿದ್ದ ನೀರಿನ ಜಗ್ಗನ್ನು ನೆಲಕ್ಕೆ ಕುಕ್ಕಿ, ಹೋಟೆಲಿನವರೆಲ್ಲ ಕೇಳುವಂತೆ ಕಿರುಚಿದ. "ಇಲ್ಲಿಗಂಟ ಒಂದು. ಇನ್ಮ್ಯಾಕೆ ಆ ಗಾಡಿನ ನಾನೇನಾರ ಮುಟ್ಟುದ್ರೆ ನನ್ ಎಲ್ಡೂ ಕೈ ಸೇದೋಗ್ಲಿ!"

ಆಣೆ ಬಾಯಿಗೆ ಬಂದದ್ದು ಬರೀ ಸಿಟ್ಟಿನಿಂದ. ಅದರ ಉಪಯೋಗ ಅವನಿಗೆ ಹೊಳೆದದ್ದು ಆಮೇಲೆ.

ಚಿಕ್ಕರಾಜುವಿನ ಶೆಡ್ಡಿನಲ್ಲಿ ಬೆಂಗಳೂರಿನಿಂದ ಬಂದ ಮೆಕ್ಯಾನಿಕ್ಕುಗಳಿದ್ದರು, ಗೇಜು ಮೀಟರುಗಳೂ ಇದ್ದವು. ಆದರೂ ಬಹುಮಾನದ ಗಾಡಿ ಕೆಲವೇ ತಿಂಗಳಲ್ಲಿ ಕೆಮ್ಮತೊಡಗಿತು. ಎಡದ ಸಿಲಿಂಡರು ಒಂದು ಮಾತಾಡಿದರೆ ಬಲದ್ದು ಇನ್ನೊಂದು ಆಡುತ್ತಿತ್ತು. ಕಿಕ್ಕರ್ ತುಳಿದೂ ತುಳಿದೂ ಚಿಕ್ಕರಾಜುವಿನ ಮೊಣಕಾಲು ಬಾತುಕೊಂಡಿತ್ತು. ಬೀದಿಯಲ್ಲಿ ಹೋಗುವಾಗ ಗಾಡಿ ಮೂರೇ ಕಾಲಿನಲ್ಲಿ ಕುಂಟುವ ಎತ್ತಿನಂತೆ ಸದ್ದು ಮಾಡುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ಪುಟ್ಟಲಿಂಗಯ್ಯನಿಗೆ ಒಂದು ಕಡೆ ಸಂತೋಷ, ಇನ್ನೊಂದು ಕಡೆ ಸಂಕಟ. ಮಗು ಮಲತಾಯಿಯ ಕೈಗೆ ಸಿಕ್ಕಂತಾಯಿತಲ್ಲ ಎಂದು ಉರಿದುಕೊಳ್ಳುತ್ತಿದ್ದ.

ಚಿಕ್ಕರಾಜು ಕೊನೆಗೆ ಬಾಬಾಜಾನ್‌ರನ್ನು ಕಳಿಸಿದ. ಬಾಬಾಜಾನ್ ರಾಮನಗರದ ಹಳೇ ತಲೆಮಾರಿನ ಮೆಕ್ಯಾನಿಕ್. ಪುಟ್ಟಲಿಂಗಯ್ಯನ ಕೈಗೆ ಮೊದಲ ಸ್ಪ್ಯಾನರ್ ಕೊಟ್ಟವರು ಅವರೇ. ಈಗ ಕಣ್ಣಿಗೆ ಪೊರೆ ಬಂದು ಅಂಗಡಿ ಬಿಟ್ಟಿದ್ದರು.

"ಬೇಟಾ, ಗಾಡಿ ಏನ್ ಪಾಪ ಮಾಡೈತೆ? ಒಸಿ ಕಿವಿ ಕೊಟ್ಟು ನೋಡ್ಕೊಡು" ಎಂದರು.

"ಆಣೆ ಇಟ್ಟೀವ್ನಿ ಸಾಬ್ರೇ. ಮುಟ್ಟಕಿಲ್ಲ."

"ಸಿಟ್ಟಾಗ್ ಇಟ್ಟಿದ್ ಆಣೆ ಎಲ್ಲಾ ಅಲ್ಲಾ ಲೆಕ್ಕ ಇಡಾಕಿಲ್ಲ ಕಣೋ."

"ನಾನಿಡ್ತೀನಿ" ಎಂದ ಪುಟ್ಟಲಿಂಗಯ್ಯ. ಬಾಬಾಜಾನ್ ನಿಟ್ಟುಸಿರು ಬಿಟ್ಟು ಎದ್ದುಹೋದರು. ಅಕ್ಕಪಕ್ಕದ ಅಂಗಡಿಯವರು ಅದನ್ನೆಲ್ಲ ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ ಎಂದೇ ಅವನು ಗಟ್ಟಿಯಾಗಿ ಮಾತಾಡಿದ್ದ. ಏಕೆಂದರೆ ಅಷ್ಟರಲ್ಲಿ ಅವನ ತಲೆಯಲ್ಲಿ ಉಪಾಯ ಮೊಳೆತಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಉಪಾಯ ಸರಳವಾದದ್ದು. ಪುಟ್ಟಲಿಂಗಯ್ಯನಿಗೆ ಸರಳ ಕೆಲಸದ ಮೇಲೇ ನಂಬಿಕೆ. ಆ ಗಾಡಿಯ ಇಂಜಿನ್ನಿಗೆ ಪೆಟ್ರೋಲಿನ ಜೊತೆ ಆಯಿಲನ್ನೂ ಉಣಿಸಬೇಕು. ಅದಕ್ಕೊಂದು ಪುಟ್ಟ ಪಂಪ್ ಇದೆ. ಆಕ್ಸಿಲರೇಟರ್ ತಿರುವಿದಷ್ಟೂ ಒಂದು ಕೇಬಲ್ ಆ ಪಂಪನ್ನು ಎಳೆದು ಹೆಚ್ಚು ಆಯಿಲ್ ಬಿಡಿಸುತ್ತದೆ. ಆ ಕೇಬಲ್ಲಿನ ತುದಿಯ ಸೀಸದ ಗುಂಡು ತನ್ನ ಕುಣಿಯಿಂದ ಜಾರಿತೆನ್ನಿ. ಮೆಲ್ಲಗೆ ಹೋಗುವಾಗ ಏನೂ ಆಗುವುದಿಲ್ಲ, ತೊಟ್ಟಿಕ್ಕುವ ಆಯಿಲೇ ಸಾಕು. ಪೂರಾ ವೇಗದಲ್ಲಿ ಒಂದಷ್ಟು ದೂರ ಓಡಿಸಿದರೆ ಮಾತ್ರ ಒಣಗಿದ ಪಿಸ್ಟನ್ ಕಾದು ಉಬ್ಬಿ ಸಿಲಿಂಡರಿನೊಳಗೆ ಕಚ್ಚಿಕೊಳ್ಳುತ್ತದೆ. ಆ ಕ್ಷಣಕ್ಕೆ ಹಿಂದಿನ ಚಕ್ರ ಬಿಗಿದು ನಿಲ್ಲುತ್ತದೆ. ಕ್ಲಚ್ಚಿನ ಮೇಲೆ ಬೆರಳಿಟ್ಟುಕೊಂಡು ಓಡಿಸುವವನು ಬದುಕುತ್ತಾನೆ. ಚಿಕ್ಕರಾಜು ಹಾಗೆ ಓಡಿಸುವವನಲ್ಲ. ಜನ ನೋಡುತ್ತಿದ್ದಾರೋ ಇಲ್ಲವೋ ಎಂದು ಕತ್ತು ತಿರುಗಿಸುತ್ತಾ ಓಡಿಸುವವನು. ಮುರಿದ ಗಾಡಿಯನ್ನು ಬಿಚ್ಚಿ ನೋಡಿದವರಿಗೆ ಕಾಣುವುದು ಜಾರಿದ ಒಂದು ಕೇಬಲ್. ಹಳೇ ಗಾಡಿಯಲ್ಲಿ ಕೇಬಲ್ ಜಾರದೆ ಇನ್ನೇನಾಗುತ್ತದೆ?

ಸಂದರ್ಭವನ್ನೂ ಚಿಕ್ಕರಾಜುವೇ ಒದಗಿಸಿದ. ರಾಮನಗರ ಜಿಲ್ಲೆಯಾಗಿ ವರ್ಷ ತುಂಬುವ ನೆಪದಲ್ಲಿ ಅವನ ಕ್ಲಬ್ಬಿನವರು ಹಳೇ ಮೋಟಾರ್‌ಸೈಕಲ್ಲುಗಳ ಮೆರವಣಿಗೆ ಇಟ್ಟುಕೊಂಡರು. ರಾಮನಗರದಿಂದ ಹೊರಟು ಮಾಗಡಿ ರಸ್ತೆ ಹಿಡಿದು ಸಾವನದುರ್ಗ ಮುಟ್ಟುವುದು. ಮುಂದಾಳು ಚಿಕ್ಕರಾಜು. ಆ ರಸ್ತೆ ಪುಟ್ಟಲಿಂಗಯ್ಯನಿಗೆ ಅಂಗೈ ಗೆರೆ. ಊರು ದಾಟಿದ ಮೇಲೆ ಎರಡು ಕಡೆಯೂ ಬಂಡೆ, ಕುರುಚಲು ಕಾಡು. ನುಣ್ಣಗೆ ಹೊಸ ಟಾರು ಹಾಕಿದ ನೇರ ರಸ್ತೆ. ಆಮೇಲೆ ಇಳಿಜಾರು, ಇಳಿಜಾರಿನ ತಳದಲ್ಲಿ ಒಂದು ಕಡಿದಾದ ತಿರುವು. ಆ ನೇರ ರಸ್ತೆಯಲ್ಲಿ ಪೂರಾ ಆಕ್ಸಿಲರೇಟರ್ ಕೊಡದೆ ಚಿಕ್ಕರಾಜುವಿನ ಕೈ ಸುಮ್ಮನಿರುವುದಿಲ್ಲ. ಉಳಿದದ್ದನ್ನು ತಿರುವು ನೋಡಿಕೊಳ್ಳುತ್ತದೆ.

ಅವನಿಗೆ ಒಂದೇ ಒಂದು ಬೇಸರವಿತ್ತು. ಇಂಜಿನ್ನಿನ ಸಿಲಿಂಡರು ಗೀರುತ್ತದಲ್ಲ! ತಾನೇ ಉಜ್ಜಿ ಹೊಳೆಸಿದ ಸಿಲಿಂಡರು. ಆ ಬೇಸರದಲ್ಲಿ ಅವನು ಒಂದು ರಾತ್ರಿ ಊಟವನ್ನೂ ಮಾಡಲಿಲ್ಲ. ಕೊನೆಗೆ, ಸಿಲಿಂಡರು ಗೀರಿದರೆ ಬೋರ್ ಮಾಡಿಸಬಹುದು, ಚಿಕ್ಕರಾಜುವಿನ ತಲೆ ಒಡೆದರೆ ಬೋರ್ ಮಾಡಿಸಲಾಗದು ಎಂದುಕೊಂಡು ಸಮಾಧಾನ ಮಾಡಿಕೊಂಡ. ಆ ಮಾತಿಗೆ ಅವನಿಗೇ ನಗು ಬಂತು.

ಗಾಡಿ ಇರುತ್ತಿದ್ದುದು ಮರಳವಾಡಿಯ ತೋಟದ ಅದೇ ಕೊಟ್ಟಿಗೆಯಲ್ಲಿ. ಹುಟ್ಟಿದ ಜಾಗ ಅದರ ಅದೃಷ್ಟ ಎಂದು ಯಾರೋ ಶಾಸ್ತ್ರ ಹೇಳಿದ್ದರಂತೆ. ಪಕ್ಕದಲ್ಲೇ ಹುಳು ಮನೆ, ಸದಾ ಜನ. ಅಲ್ಲಿಗೆ ಹಗಲಲ್ಲಿ ಹೋಗುವುದು ಹೇಗೆ, ರಾತ್ರಿ ನಾಯಿ ಬಿಡುತ್ತದೆಯೇ? ಬೇರೆಯವನಾದರೆ ಇಲ್ಲಿ ಸೋಲುತ್ತಿದ್ದ. ಪುಟ್ಟಲಿಂಗಯ್ಯ ಅದೇ ಊರಿನಲ್ಲಿ ಬೆಳೆದವನು. ರೇಷ್ಮೆಹುಳು ಹಣ್ಣಾಗುವ ದಿನ ಏನಾಗುತ್ತದೆಂದು ಅವನಿಗೆ ಗೊತ್ತು. ಹುಳ ಮೇವು ಬಿಟ್ಟು ತಲೆ ಎತ್ತಿತೆಂದರೆ ಮನೆಯವರು, ಕೂಲಿಯವರು, ನೆಂಟರು ಎಲ್ಲರೂ ಒಳಗೆ ಸೇರಿ ಹುಳ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ತಡವಾದರೆ ಬೆಳೆ ಹೋಯಿತು. ಆ ದಿನ ಅವರಿಗೆ ಉಣ್ಣಲು ಹೊತ್ತಿಲ್ಲ, ಹೊರಗೆ ಇಣುಕಲು ಬಿಡುವಿಲ್ಲ. ಸೋಂಕು, ದೃಷ್ಟಿ ಎಂದು ಹೊರಗಿನವರೂ ಆ ತೋಟದ ಕಡೆ ಸುಳಿಯುವುದಿಲ್ಲ. ನಾಯಿಯನ್ನು ಹಿತ್ತಲಿಗೆ ಕಟ್ಟಿರುತ್ತಾರೆ. ಮೆರವಣಿಗೆಯ ಹಿಂದಿನ ದಿನವೇ ಚಿಕ್ಕರಾಜುವಿನ ಮನೆಯ ಹುಳ ಹಣ್ಣಾಗುತ್ತದೆಂದು ಅವನು ಸಂತೆಯಲ್ಲಿ ಕೇಳಿ ತಿಳಿದುಕೊಂಡ. ದೇವರು ತನ್ನ ಕಡೆಗಿದ್ದಾನೆ ಎಂದು ಅವನಿಗೆ ಅನ್ನಿಸಿದ್ದರೆ ತಪ್ಪೇನು?

ಆ ದಿನ ಬೆಳಿಗ್ಗೆ ಅವನು ಗಿರಾಕಿಯೊಬ್ಬನ ಸಿಲಿಂಡರ್ ಹೊತ್ತು ಕನಕಪುರಕ್ಕೆ ಹೋದ. ತನ್ನ ಗಾಡಿಯನ್ನು ಸಮದ್‌ನ ಲೇತ್ ಮುಂದೆ ನಿಲ್ಲಿಸಿ, "ಇದ್ನ ಬೋರ್ ಮಾಡಿ ಮಡ್ಗು. ನಾನು ಪ್ಯಾಟೆ ಒಳಗೆ ಸ್ಪೇರ್ ಉಡುಕ್ಕೊಂಡು ಬತ್ತೀನಿ" ಎಂದ. ಲೇತಿನ ಗದ್ದಲದಲ್ಲಿ ಸಮದ್ ತಲೆಯಾಡಿಸಿದ. ಗಾಡಿ ಬಾಗಿಲಲ್ಲೇ ಇರುವಾಗ ಅದರ ಒಡೆಯನೂ ಅಲ್ಲೇ ಎಲ್ಲೋ ಇದ್ದಾನೆಂದು ಸಮದ್ ಸಂಜೆಯವರೆಗೂ ನಂಬಿರುತ್ತಾನೆ. ಕೇಳಿದವರಿಗೆ ಹಾಗೇ ಹೇಳುತ್ತಾನೆ. ಪುಟ್ಟಲಿಂಗಯ್ಯ ಖಾಸಗಿ ಬಸ್ಸು ಹತ್ತಿ, ಊರಿಗಿಂತ ಮೊದಲೇ ಇಳಿದು, ಹಿಪ್ಪುನೇರಳೆ ಸಾಲುಗಳ ನಡುವೆ ಬಗ್ಗಿಕೊಂಡು ನಡೆದ.

ಅವನು ಎಣಿಸಿದಂತೆಯೇ ಅಂಗಳದಲ್ಲಿ ನರಪಿಳ್ಳೆ ಇರಲಿಲ್ಲ. ಹುಳು ಮನೆಯೊಳಗಿಂದ ಚಿಕ್ಕರಾಜುವಿನ ತಾಯಿ ದಾಸಮ್ಮನ ದನಿ ಕೇಳುತ್ತಿತ್ತು. "ಮೆತ್ತಗ್ ಎತ್ರೇ ಮುಂಡೇವಾ! ಅದು ಹುಳ, ಹುರುಳಿಕಾಳಲ್ಲ." ಚಿಕ್ಕವನಿದ್ದಾಗ ತನ್ನನ್ನೂ ಚಿಕ್ಕರಾಜುವನ್ನೂ ಒಂದೇ ತಟ್ಟೆಗೆ ಕೂರಿಸಿ ಮುದ್ದೆ ಮುರಿದು ಹಾಕಿದ ದನಿ. ಪುಟ್ಟಲಿಂಗಯ್ಯನ ಕಾಲು ಒಂದು ಗಳಿಗೆ ತಡೆಯಿತು. ನಾಳೆ ಈ ಅಂಗಳಕ್ಕೆ ಏನನ್ನು ಹೊತ್ತು ತರುತ್ತಾರೆಂಬ ಯೋಚನೆ ಬಂತು. ಆದರೂ ಅವನು ಕೊಟ್ಟಿಗೆಯ ಬಾಗಿಲು ಸರಿಸಿ, ಗಾಡಿಗೆ ಹೊದಿಸಿದ್ದ ಬಟ್ಟೆ ಎತ್ತಿದ. ಟ್ಯಾಂಕಿನ ಮೇಲೆ ಚಿನ್ನದ ಬಣ್ಣದಲ್ಲಿ ಹೊಸದಾಗಿ ಬರೆಸಿತ್ತು: ಪುನರ್ಜನ್ಮ ಕೊಟ್ಟವರು, ಮರಳವಾಡಿ ಚಿಕ್ಕರಾಜು.

ಆ ಯೋಚನೆ ಹೋಯಿತು, ಮೈಯೆಲ್ಲ ಉರಿ ಹತ್ತಿತು. ಪುನರ್ಜನ್ಮ ಕೊಟ್ಟವರಂತೆ! ಪ್ಲಗ್ ಬಿಚ್ಚಲು ಬಾರದ ಬಡ್ಡೀಮಗ! ಪುಟ್ಟಲಿಂಗಯ್ಯ ಮಂಡಿಯೂರಿ ಕೂತು ಪಂಪಿನ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿದ. ಸೀಸದ ಗುಂಡನ್ನು ಉಗುರಿನಿಂದ ಮೀಟಿದ. ಅದು ಕುಣಿಯಿಂದ ಮೆತ್ತಗೆ ಹೊರಬಂತು. ಅಷ್ಟೇ ಕೆಲಸ. ಒಂದು ಗೀರಿಲ್ಲ, ಮುರಿದದ್ದಿಲ್ಲ. ಮುಚ್ಚಳ ಹಾಕಿ, ಕೇಬಲ್ ಬಿಟ್ಟಿದ್ದರಿಂದ ಆಕ್ಸಿಲರೇಟರಿನ ಹಿಡಿಯಲ್ಲಿ ಆದ ಸಡಿಲು ಚಿಕ್ಕರಾಜುವಿನ ಕೈಗೆ ತಿಳಿಯಬಾರದಲ್ಲ, ಅದನ್ನೂ ಸರಿಪಡಿಸಿದ. ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸುತ್ತಿತ್ತು. ಮನಸ್ಸು ಮಾಗಡಿ ರಸ್ತೆಯ ತಿರುವಿನಲ್ಲಿತ್ತು. ಅಲ್ಲಿ ಚಿಕ್ಕರಾಜುವಿನ ಟೋಪಿ ಹಾರಿತು, ಕನ್ನಡಕ ಹಾರಿತು, ಟಿ.ವಿ.ಯ ಹುಡುಗಿ ಬಂದು, ಈ ಗಾಡಿಯನ್ನು ಇನ್ನು ಯಾರು ರೆಡಿ ಮಾಡಬಲ್ಲರು ಎಂದು ಕೇಳಿದಳು, ಜನರೆಲ್ಲ ಪುಟ್ಟಲಿಂಗಯ್ಯನ ಕಡೆ ಬೆರಳು ತೋರಿಸಿದರು. ಹೀಗೆ ಅವನು ಚಿಕ್ಕರಾಜುವನ್ನು ಆ ಬಂಡೆಗೆ ಮತ್ತೆ ಮತ್ತೆ ಅಪ್ಪಳಿಸಿದ. ಎಷ್ಟೋ ತಿಂಗಳ ಮೇಲೆ ಅವನ ಎದೆ ಹಗುರಾಗಿತ್ತು. ಆಮೇಲೆ ಬೆರಳಿನ ಗುರುತುಗಳನ್ನೆಲ್ಲ ಒರೆಸಿ, ಬಟ್ಟೆ ಹೊದಿಸಿ, ಬಂದ ದಾರಿಯಲ್ಲೇ ವಾಪಸಾದ. ಕನಕಪುರ ಮುಟ್ಟಿದಾಗ ಸಮದ್ ಇನ್ನೂ ಲೇತಿನ ಮೇಲೆ ಬಗ್ಗಿದ್ದ.

ಮನೆಯಲ್ಲಿ ಹೆಂಡತಿ ಗಂಗಲಕ್ಷ್ಮಮ್ಮ, "ಏನಿವತ್ತು ಮೊಕದಾಗ್ ಕಳೆ ಐತೆ?" ಎಂದಳು.

"ಕೆಲ್ಸ ಚೆನ್ನಾಗ್ ಆಯ್ತು" ಎಂದ. ಅದು ಸುಳ್ಳೇನೂ ಆಗಿರಲಿಲ್ಲ. ಎರಡು ಮುದ್ದೆ ಹೆಚ್ಚಿಗೆ ಉಂಡು ಗೊರಕೆ ಹೊಡೆದ.

ಮರುದಿನ ಬೆಳಿಗ್ಗೆ ಅವನು ಬೇಕೆಂದೇ ಬಿಳಿ ಅಂಗಿ ತೊಟ್ಟು ರಾಮನಗರದ ಬಸ್ ನಿಲ್ದಾಣದ ಮುಂದೆ ಹೋಗಿ ನಿಂತ. ತಪ್ಪು ಮಾಡಿದವನು ಅಡಗುತ್ತಾನೆ, ತಾನೇಕೆ ಅಡಗಬೇಕು? ಶಾಮಿಯಾನದ ಕೆಳಗೆ ಸಬ್ ಇನ್ಸ್‌ಪೆಕ್ಟರು ಹಸಿರು ಬಾವುಟ ಹಿಡಿದಿದ್ದರು. ಪಕ್ಕದ ಕುರ್ಚಿಯಲ್ಲಿ ಹಿರಿಯ ಮೆಕ್ಯಾನಿಕ್ ಎಂದು ಶಾಲು ಹೊದಿಸಿಕೊಂಡ ಬಾಬಾಜಾನ್. ಕೇಬಲ್ ಟಿ.ವಿ.ಯವನೊಬ್ಬ ಕ್ಯಾಮೆರಾ ಹೊತ್ತಿದ್ದ. ಮರಳವಾಡಿಯಿಂದ ಗಾಡಿ ಮಿನಿ ಲಾರಿಯಲ್ಲಿ ಬಂದಿಳಿಯಿತು. ಕುಂಟುವ ಗಾಡಿಯನ್ನು ಅಷ್ಟು ದೂರ ಓಡಿಸಿಕೊಂಡು ಬರುವ ಧೈರ್ಯ ಚಿಕ್ಕರಾಜುವಿಗೆ ಇರಲಿಲ್ಲ. ಜನರಲ್ಲಿ ಕೆಲವರು ಆಗಲೇ ನಗುತ್ತಿದ್ದರು. "ಲೇ, ಅದು ಸಾವನದುರ್ಗ ಅಲ್ಲ, ರೈಲ್ವೆ ಗೇಟೂ ದಾಟಾಕಿಲ್ಲ ಕಣ್ಲಾ" ಎಂದ ಯಾರೋ. ಪುಟ್ಟಲಿಂಗಯ್ಯನಿಗೆ ಅವನನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು. ಎಲ್ಲರಿಗೂ ಗೊತ್ತಿದೆ, ಗಾಡಿಗೆ ಮೈ ಹುಷಾರಿಲ್ಲ. ಹುಷಾರಿಲ್ಲದ ಗಾಡಿ ಕೆಟ್ಟಿತೆಂದರೆ ಯಾರು ಯಾರನ್ನು ಕೇಳುತ್ತಾರೆ?

ಚಿಕ್ಕರಾಜು ಕೊರಳಲ್ಲಿ ಹಾರ ಹಾಕಿಕೊಂಡು, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಬಂದ. ಇಗ್ನಿಷನ್ ತಿರುಗಿಸಿ, ಬೆವರು ಒರೆಸಿಕೊಂಡು, ಹತ್ತಾರು ಸಲ ತುಳಿಯುವ ಸಿದ್ಧತೆಯಲ್ಲಿ ಕಿಕ್ಕರಿನ ಮೇಲೆ ಮೊದಲ ಸಲ ಕಾಲಿಟ್ಟ.

ಗಾಡಿ ಒಂದೇ ಕಿಕ್ಕಿಗೆ ಎದ್ದಿತು. ಕೆಮ್ಮಲಿಲ್ಲ, ಕುಂಟಲಿಲ್ಲ. ಎರಡೂ ಸಿಲಿಂಡರು ಒಂದೇ ಉಸಿರಿನಲ್ಲಿ, ಒಂದೇ ಲಯದಲ್ಲಿ ಗುನುಗತೊಡಗಿದವು. ನಗುತ್ತಿದ್ದವರು ಬಾಯಿ ಮುಚ್ಚಿದರು.

ಪುಟ್ಟಲಿಂಗಯ್ಯ ಜನರನ್ನು ತಳ್ಳಿಕೊಂಡು ಮುಂದೆ ಬಂದ. ಯಾರು? ತನ್ನ ಗಾಡಿಯನ್ನು ಹೀಗೆ ಮಾತಾಡಿಸಿದ ಮಗ ಯಾರು? ನಿನ್ನೆ ರಾತ್ರಿ ಬೆಂಗಳೂರಿನಿಂದ ಯಾವನನ್ನೋ ಕರೆಸಿದ್ದಾನೆ! ತನ್ನಷ್ಟೇ ಕೈ ಇರುವ ಇನ್ನೊಬ್ಬ ಈ ಭೂಮಿಯ ಮೇಲಿದ್ದಾನೆ! ಚಿಕ್ಕರಾಜುವಿನ ಮೇಲಿದ್ದ ಸಿಟ್ಟನ್ನೂ ಮರೆತು ಅವನು ಆ ಕಾಣದ ಮೆಕ್ಯಾನಿಕ್ಕಿನ ಮೇಲೆ ಹಲ್ಲು ಕಡಿದ.

ಕುರ್ಚಿಯಿಂದ ಬಾಬಾಜಾನ್ ಎದ್ದು ನಿಂತರು. ಪೊರೆ ಬಂದ ಕಣ್ಣು ಮುಚ್ಚಿ, ತಲೆ ವಾಲಿಸಿ ಕೇಳಿದರು. ಅವರ ಮುಖ ಅರಳಿತು.

"ಅರೆ ಪುಟ್ಲಿಂಗ! ಎಲ್ಲಿದ್ದೀಯೋ ಬೇಟಾ? ಮುಟ್ಟಕಿಲ್ಲ ಅಂತಿದ್ದೆ. ಕೊನೆಗೂ ಮುಟ್ದಲ್ಲೋ!"

"ನಾನಲ್ಲ ಸಾಬ್ರೇ" ಎಂದ ಪುಟ್ಟಲಿಂಗಯ್ಯ.

"ಸುಳ್ ಯಾಕೋ ಯೋಳ್ತೀಯ? ನಿನ್ ಕೈಗೆ ಸ್ಪ್ಯಾನರ್ ಕೊಟ್ಟೋನು ನಾನು. ನಿನ್ ಕೈ ನಂಗ್ ಗೊತ್ತಾಗಾಕಿಲ್ವಾ?"

ಜನ ತಿರುಗಿ ನೋಡಿದರು. ಚಿಕ್ಕರಾಜುವೂ ನೋಡಿದ. ಅವನ ಕಣ್ಣಲ್ಲಿ ನೀರು ತುಂಬಿತು. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಶಾಮಿಯಾನದಲ್ಲಿದ್ದ ಮೈಕನ್ನು ಕಿತ್ತುಕೊಂಡ.

"ಎಲ್ರೂ ಕೇಳ್ರಪ್ಪಾ. ಮೂರ್ ದಿನ್ದಿಂದ ಈ ಗಾಡೀನ ಯಾರ್ ಕೈಗೂ ಕೊಟ್ಟಿಲ್ಲ ನಾನು. ಕೊಟ್ಗೇಲೇ ಇತ್ತು. ಇವ್ನು ಆಣೆ ಮುರ್ದು, ಕದ್ದು ಬಂದು ಸರಿ ಮಾಡವ್ನೆ. ನನ್ ಮಾನ ಉಳೀಲಿ ಅಂತ ಮಾಡವ್ನೆ. ನಾನ್ ಟಿ.ವಿ.ನಾಗೆ ಸುಳ್ ಯೋಳ್ಬುಟ್ಟೆ. ಈ ಗಾಡಿ ಕಟ್ಟಿದ್ದು, ಇದ್ರ ಒಂದೊಂದ್ ನಟ್ಟೂ ಮುಟ್ಟಿದ್ದು ಇವ್ನು, ನಮ್ ಮರಳವಾಡಿ ಪುಟ್ಟಲಿಂಗಯ್ಯ. ತೆಪ್ಪಾಯ್ತು ಕಣ್ಲಾ!"

ಚಪ್ಪಾಳೆ ಬಿತ್ತು. ಸಬ್ ಇನ್ಸ್‌ಪೆಕ್ಟರೂ ಬಾವುಟವನ್ನು ಕಂಕುಳಲ್ಲಿ ಇಟ್ಟುಕೊಂಡು ಚಪ್ಪಾಳೆ ತಟ್ಟಿದರು. ಚಿಕ್ಕರಾಜು ತನ್ನ ಹಾರವನ್ನು ತೆಗೆದು ಗೆಳೆಯನ ಕೊರಳಿಗೆ ಹಾಕಿ, ಗಟ್ಟಿಯಾಗಿ ತಬ್ಬಿಕೊಂಡು, "ಇವತ್ ನೋಡ್ಲಾ, ನಿನ್ ಗಾಡಿ ಎಂಗ್ ಓಡ್ತೈತೆ ಅಂತ ಎಲ್ರುಗೂ ತೋರುಸ್ತೀನಿ" ಎಂದು ಕಿವಿಯಲ್ಲಿ ಹೇಳಿದ. ಪುಟ್ಟಲಿಂಗಯ್ಯ ಬಾಯಿ ತೆರೆದ. ನಿಲ್ಲು ಎನ್ನಬೇಕು. ಯಾಕೆ ಎಂದು ಕೇಳಿದರೆ ಏನನ್ನಬೇಕು? ಕ್ಯಾಮೆರಾ ಅವನ ಮುಖದ ಹತ್ತಿರಕ್ಕೆ ಬಂತು. ಸಬ್ ಇನ್ಸ್‌ಪೆಕ್ಟರು ಬಾವುಟ ಬೀಸಿದರು. ಚಿಕ್ಕರಾಜು ಮಾಗಡಿ ರಸ್ತೆಗೆ ತಿರುಗಿ, ಕೈ ಬೀಸಿ, ಹಿಂದೆಂದೂ ಇಲ್ಲದ ಹುಮ್ಮಸ್ಸಿನಲ್ಲಿ ಆಕ್ಸಿಲರೇಟರ್ ತಿರುವಿದ.

ಸದ್ದು ದೂರವಾಗುತ್ತಾ ಏರಿತು. ಎಲ್ಲಿಯೂ ಒಡೆಯಲಿಲ್ಲ. ಬಾಬಾಜಾನ್ ಬಂದು ಅವನ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, "ಎಂಥ ಕೈಗುಣ ಕೊಟ್ಟವ್ನೋ ದೇವ್ರು" ಎಂದರು. ಪುಟ್ಟಲಿಂಗಯ್ಯ ಆ ಕೈಯನ್ನೇ ನೋಡಿದ, ಆಗ ಅದು ನೆನಪಿಗೆ ಬಂತು. ನಿನ್ನೆ ಕೊಟ್ಟಿಗೆಯಲ್ಲಿ, ಹಿಡಿಯ ಸಡಿಲು ತೆಗೆಯಲೆಂದು ಆಕ್ಸಿಲರೇಟರನ್ನು ತಿರುವಿ ಬಿಟ್ಟಾಗ, ಸಿಲಿಂಡರಿಗೊಂದರಂತೆ ಪೆಟ್ರೋಲು ಊಡುವ ಎರಡು ಕಾರ್ಬುರೇಟರಿನ ಒಳಗಿನ ಮುಚ್ಚಳಗಳು ಒಂದರ ಹಿಂದೊಂದು ಬಿದ್ದು ಟಕ್ ಟಕ್ ಎಂದಿದ್ದವು. ಗಾಡಿಯ ರೋಗ ಅಷ್ಟೇ ಆಗಿತ್ತು, ಎರಡೂ ಒಟ್ಟಿಗೆ ಬೀಳುತ್ತಿರಲಿಲ್ಲ. ಮನಸ್ಸು ಮಾಗಡಿ ರಸ್ತೆಯಲ್ಲಿ ಚಿಕ್ಕರಾಜುವನ್ನು ಬಂಡೆಗೆ ಅಪ್ಪಳಿಸುತ್ತಿರುವಾಗ, ಅವನ ಬೆರಳು ಎಡಗಡೆ ಕೇಬಲ್ಲಿನ ನಟ್ಟನ್ನು ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ತಿರುಗಿಸುತ್ತಾ, ಎರಡೂ ಒಟ್ಟಿಗೆ ಬಿದ್ದು ಒಂದೇ ಟಕ್ ಕೇಳಿಸುವವರೆಗೂ ಬಿಟ್ಟಿರಲಿಲ್ಲ.